ಟ್ರಿಪೋಲಿಯ ಮೇಲೆ ವಿಮಾನ ಬಂದ ಬೇಸಿಗೆ

ಹೋದ ತಿಂಗಳು ಒಂದು ಬದುವಿನ ವ್ಯಾಜ್ಯದ ಸಲುವಾಗಿ ಚಿಕ್ಕನಾಯಕನಹಳ್ಳಿ ಕಡೆಯ ಕಕ್ಷಿದಾರರೊಬ್ಬರ ಮನೆಗೆ ಹೋಗಿದ್ದೆ. ನಾನು ಹೋದ ಹೊತ್ತಿಗೆ ಅವರು ಅಟ್ಟದಿಂದ ಕಾಯಿ ಇಳಿಸುತ್ತಿದ್ದರು. ವರ್ಷವೆಲ್ಲ ಕತ್ತಲಲ್ಲಿ ಕೂತು, ಹೊಟ್ಟೆಯೊಳಗಿನ ನೀರು ಬತ್ತಿ ಕೊಬ್ಬರಿಯಾದ ಕಾಯಿಗಳು ಧಡಧಡನೆ ಅಂಗಳಕ್ಕೆ ಉರುಳುತ್ತಿದ್ದವು. ಅಟ್ಟದ ಹಲಗೆ ಸರಿಸಿದ ಕೂಡಲೇ ಇಳಿದು ಬರುವ ಒಂದು ವಾಸನೆಯಿದೆ. ಎಣ್ಣೆಯ ಜಿಡ್ಡು, ಒಣಗಿದ ನಾರು, ಹಳೇ ಧೂಳು, ಎಲ್ಲದರ ಅಡಿಯಲ್ಲಿ ಒಂದಿಷ್ಟು ಸಿಹಿ. ನಮ್ಮ ಸೀಮೆಯವರಿಗೆ ಅದು ಸಂಭ್ರಮದ ವಾಸನೆ. ನನಗೆ ಮಾತ್ರ ಅಂಗೈ ಬೆವರುತ್ತದೆ. ಮಜ್ಜಿಗೆ ತಂದುಕೊಟ್ಟ ಮನೆಯಾಕೆ, "ಯಾಕ್ರೀ ಲಾಯರಮ್ಮ, ಮೊಕ ಇಷ್ಟು ಬಾಡೋಯ್ತು? ಬಿಸ್ಲು ತಾಗ್ತೇನೋ" ಎಂದಳು. ಹೌದು, ಬಿಸಿಲೇ ಎಂದೆ. ಆ ಬಿಸಿಲು ತಾಗಿದ್ದು ಸಾವಿರದ ಒಂಬೈನೂರ ಎಂಬತ್ತಾರರ ಬೇಸಿಗೆಯಲ್ಲಿ ಎಂದು ಅವಳಿಗೆ ಹೇಗೆ ಹೇಳಲಿ?

ಆಗ ನಾನು ತುಮಕೂರಿನಲ್ಲಿ ಕಾನೂನು ಓದುತ್ತಿದ್ದೆ. ಕೊನೆಯ ವರ್ಷ. ಪರೀಕ್ಷೆಗೆ ಮುಂಚಿನ ರಜೆಗೆಂದು ಊರಿಗೆ ಬಂದಿದ್ದೆ. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿ ಇಳಿದು, ತೆಂಗಿನ ತೋಟಗಳ ನಡುವೆ ನಡೆದರೆ ನಮ್ಮ ಊರು. ಮನೆಯಲ್ಲಿ ಅಪ್ಪ, ಅಮ್ಮ, ನಾನು. ನನ್ನ ಅಕ್ಕ ಮಂಗಳ ಲಿಬಿಯಾ ದೇಶದ ಟ್ರಿಪೋಲಿಯಲ್ಲಿ ಮಕ್ಕಳ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಗೊತ್ತಾಗಿದ್ದ ಮದುವೆಯನ್ನು ಬೇಡವೆಂದು, ತಾನೇ ಅರ್ಜಿ ಹಾಕಿ, ತಾನೇ ಸಂದರ್ಶನಕ್ಕೆ ಹೋಗಿ ಬಂದು, ಹೊರಡುವುದಕ್ಕೆ ಒಂದು ವಾರ ಮೊದಲು ಮನೆಯಲ್ಲಿ ಹೇಳಿದ್ದಳು. ಅವಳು ಹೊರಟ ದಿನ ಅಪ್ಪ ಬೆಳಗ್ಗೆಯೇ ತೋಟಕ್ಕೆ ಹೋದವನು ಬಸ್ಸು ಹೋಗುವವರೆಗೂ ಬರಲಿಲ್ಲ. ಆಮೇಲೆ ಅವಳ ಹೆಸರನ್ನೂ ಎತ್ತಲಿಲ್ಲ. ಅವಳ ಕಾಗದ ಬಂದಾಗ ನಾನು ಅಮ್ಮನಿಗೆ ಗಟ್ಟಿಯಾಗಿ ಓದುತ್ತಿದ್ದೆ. ಅಪ್ಪ ಆ ಕಡೆ ಬೆನ್ನು ಹಾಕಿ ಕೂತು ಹಗ್ಗ ಹೊಸೆಯುತ್ತಿದ್ದ. ಓದಿ ಮುಗಿಸಿದ ಮೇಲೂ ಹೊಸೆಯುತ್ತಲೇ ಇರುತ್ತಿದ್ದ.

ನಮ್ಮ ಕಾಲೇಜಿನಲ್ಲಿ ಅಂತಾರಾಷ್ಟ್ರೀಯ ಕಾನೂನು ಕಲಿಸುತ್ತಿದ್ದ ಅನಂತರಾಮಯ್ಯ ಮೇಷ್ಟ್ರು ಆ ವರ್ಷ ಅಣಕು ನ್ಯಾಯಾಲಯಕ್ಕೆ ಒಂದು ವಿಷಯ ಕೊಟ್ಟಿದ್ದರು. ಒಂದು ದೇಶದ ಪ್ರಜೆಗಳನ್ನು ಬಂದೂಕುಧಾರಿಗಳು ಕೊಲ್ಲುತ್ತಾರೆ. ಆ ಬಂದೂಕುಧಾರಿಗಳಿಗೆ ಇನ್ನೊಂದು ದೇಶ ನೆಲೆ ಕೊಟ್ಟಿದೆ. ಮೊದಲನೆಯ ದೇಶ ವಿಮಾನ ಕಳಿಸಿ ಎರಡನೆಯ ದೇಶದ ಮೇಲೆ ಬಾಂಬು ಹಾಕುತ್ತದೆ. ಇದು ನ್ಯಾಯವೇ? ಚೀಟಿ ಎತ್ತಿದಾಗ ನನಗೆ ಬಂದದ್ದು ಬಾಂಬು ಹಾಕಿದ ದೇಶದ ಪರ. ನಾನು ಕುಣಿದಾಡಿದ್ದೆ, ಏಕೆಂದರೆ ಅದು ಕಷ್ಟದ ಪಕ್ಷ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ರಾಷ್ಟ್ರಗಳೆಲ್ಲ ಕೂತು ಬರೆದುಕೊಂಡ ಸನ್ನದು, ಯಾರೂ ಯಾರ ಮೇಲೂ ಬಲ ಪ್ರಯೋಗಿಸಕೂಡದು ಎನ್ನುತ್ತದೆ. ಬಿಟ್ಟಿರುವ ಕಿಂಡಿ ಒಂದೇ: ಸಶಸ್ತ್ರ ದಾಳಿಯಾದರೆ ಆತ್ಮರಕ್ಷಣೆ ಮಾಡಿಕೊಳ್ಳಬಹುದು. ಆ ಕಿಂಡಿಯಲ್ಲಿ ನನ್ನ ವಿಮಾನಗಳನ್ನು ತೂರಿಸಬೇಕಿತ್ತು.

ತೂರಿಸಿದೆ. ಸಣ್ಣ ಸಣ್ಣ ದಾಳಿಗಳನ್ನು ಸೂಜಿ ಚುಚ್ಚಿದಂತೆ ಒಂದೊಂದಾಗಿ ನೋಡಬೇಡಿ, ಎಲ್ಲ ಸೇರಿದರೆ ಅದು ಕತ್ತಿಯ ಗಾಯವೇ ಎಂಬುದು ನನ್ನ ಮೊದಲನೆಯ ವಾದ. ಚುಚ್ಚಿದವನು ಮತ್ತೆ ಚುಚ್ಚುತ್ತಾನೆ, ಆದ್ದರಿಂದ ನಾವು ಹೊಡೆದದ್ದು ಆಗಿಹೋದದ್ದಕ್ಕೆ ಶಿಕ್ಷೆಯಲ್ಲ, ಮುಂದೆ ಆಗುವುದಕ್ಕೆ ತಡೆ ಎಂಬುದು ಎರಡನೆಯದು. ಅಂಗಳದಲ್ಲಿ ಹೆಂಗಸರು ಮಚ್ಚಿನಿಂದ ಕರಟ ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಿದ್ದರೆ ನಾನು ನಡುಮನೆಯಲ್ಲಿ ಓಡಾಡುತ್ತ ಗೋಡೆಗಳಿಗೆ ಇಂಗ್ಲಿಷಿನಲ್ಲಿ ವಾದ ಮಂಡಿಸುತ್ತಿದ್ದೆ. ಆ ಹೆಂಗಸರು ನಗುತ್ತಿದ್ದರು. ಅಪ್ಪನೂ ಒಮ್ಮೊಮ್ಮೆ ನಗುತ್ತಿದ್ದ.

ಯುಗಾದಿ ಕಳೆದು ಇನ್ನೂ ಬಾಗಿಲ ತೋರಣ ಒಣಗಿರಲಿಲ್ಲ. ಆ ಸಂವತ್ಸರವನ್ನು ಕೆಲವರು ಅಕ್ಷಯ ಎಂದರೆ ಕೆಲವರು ಕ್ಷಯ ಎನ್ನುತ್ತಿದ್ದರು. ಅಮ್ಮ ಹಟ ಹಿಡಿದು ಅಕ್ಷಯ ಎನ್ನುತ್ತಿದ್ದಳು. ಬೆಳಗಿನ ವಾರ್ತೆ ಬರುವಾಗ ಅಮ್ಮ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಅಮೆರಿಕದ ವಿಮಾನಗಳು ಲಿಬಿಯಾದ ಮೇಲೆ ದಾಳಿ ನಡೆಸಿವೆ ಎಂದಿತು ರೇಡಿಯೋ. ಬರ್ಲಿನ್ನಿನ ನೃತ್ಯಶಾಲೆಯೊಂದರಲ್ಲಿ ಬಾಂಬು ಸಿಡಿದು ಅಮೆರಿಕದ ಸೈನಿಕನೊಬ್ಬ ಸತ್ತದ್ದಕ್ಕೆ ಇದು ಉತ್ತರ. ಟ್ರಿಪೋಲಿ ನಗರದ ವಸತಿ ಪ್ರದೇಶದಲ್ಲೂ ಬಾಂಬು ಬಿದ್ದಿದೆ. ಇದು ಆತ್ಮರಕ್ಷಣೆಯ ಹಕ್ಕಿಗೆ ಒಳಪಟ್ಟ ಕ್ರಮ ಎಂದು ಅಮೆರಿಕ ಹೇಳಿದೆ. ಆಮೇಲೆ ಬೇರೆ ಯಾವುದೋ ಸುದ್ದಿ.

ಅಮ್ಮನ ಕೈ ರೊಟ್ಟಿಯ ಮೇಲೆ ಹಾಗೇ ನಿಂತಿತ್ತು. "ಟ್ರಿಪೋಲಿ ಅಂದ್ರಲ್ವೇನೇ ರತ್ನ?"

"ಹೂಂ."

"ನಮ್ಮ ಮಂಗಳಿರೋ ಟ್ರಿಪೋಲಿನಾ? ಇನ್ನೊಂದಿದ್ದಾತಾ?"

ಇನ್ನೊಂದಿದೆ, ಲೆಬನಾನಿನಲ್ಲಿ. ಆ ಕ್ಷಣಕ್ಕೆ ನನಗೆ ಅದು ಹೊಳೆದು, ಹೇಳಿಬಿಡಲೇ ಎನಿಸಿತು. ಹೇಳಲಿಲ್ಲ. ಇಡೀ ತಿಂಗಳು ನಾನು ಗೋಡೆಗೆ ಹೇಳಿದ್ದ ಮಾತನ್ನು ಈಗ ರೇಡಿಯೋ ನನಗೆ ಹೇಳಿತ್ತು.

ಅಪ್ಪ ಹೊರಗೆ ಕಾಯಿ ಸುಲಿಯುತ್ತಿದ್ದ. ವಾರ್ತೆ ಅವನ ಕಿವಿಗೂ ಬಿದ್ದಿತ್ತು. ಒಂದು ಕಾಯನ್ನು ಹಾರೆಯ ಮೊನೆಗೆ ಕುಕ್ಕಿ, ಸಿಪ್ಪೆ ಕೀಳದೆ, ಹಾಗೇ ಹಿಡಿದು ನಿಂತಿದ್ದ. ಆಮೇಲೆ ಕೈ ತೊಳೆದು ಒಳಗೆ ಬಂದು ಒಗೆದ ಅಂಗಿ ಹಾಕಿಕೊಂಡ. ನನ್ನ ಮುಖ ನೋಡದೆ, "ಮಂಡಿಗೆ ಹೋಗಾನ, ಹೊರಡು" ಎಂದ.

ತಿಪಟೂರಿನಲ್ಲಿ ನಮ್ಮ ಕೊಬ್ಬರಿ ಕೊಳ್ಳುತ್ತಿದ್ದವರು ಸಿದ್ದರಾಮಣ್ಣ. ಅವರ ಮಂಡಿಯಲ್ಲಿ ಟೆಲಿಫೋನಿತ್ತು. ಅಕ್ಕನ ಹತ್ತಿರ ಇದ್ದದ್ದೂ ಆ ನಂಬರೇ. ಸಿದ್ದರಾಮಣ್ಣ ಅಪ್ಪನನ್ನು ನೋಡಿದ ಕೂಡಲೇ ಏನೂ ಕೇಳದೆ ಎಕ್ಸ್‌ಚೇಂಜಿಗೆ ಕರೆ ಮಾಡಿ, ಅಕ್ಕನ ಕಾಗದದಲ್ಲಿದ್ದ ಆಸ್ಪತ್ರೆಯ ನಂಬರಿಗೆ ಟ್ರಂಕ್ ಕಾಲ್ ಬುಕ್ ಮಾಡಿದರು. ನಾವು ಕೊಬ್ಬರಿ ಚೀಲಗಳ ನಡುವೆ ಬೆಂಚಿನ ಮೇಲೆ ಕೂತೆವು. ಬಿಸಿಲೇರಿತು. ಚೀಲಗಳಿಂದ ಎಣ್ಣೆ ಕಾದ ವಾಸನೆ ಬರತೊಡಗಿತು. ಫೋನು ಹೊಡೆದುಕೊಂಡಾಗೆಲ್ಲ ಅಪ್ಪ ಎದ್ದು ನಿಲ್ಲುತ್ತಿದ್ದ. ಅದು ಅರಸೀಕೆರೆಯಿಂದಲೋ ತುಮಕೂರಿನಿಂದಲೋ ವ್ಯಾಪಾರದ ಮಾತು. ಮತ್ತೆ ಕೂರುತ್ತಿದ್ದ.

ಮಧ್ಯಾಹ್ನ ಕೊಬ್ಬರಿ ತಂದಿದ್ದ ತೋಟದವನೊಬ್ಬ ಬೆಳಗಿನ ವಾರ್ತೆಯ ಮಾತೆತ್ತಿ ಜೋರಾಗಿ ಹೇಳಿದ: "ಸರಿಯಾಗ್ ಮಾಡವ್ರೆ ಬುಡ್ರಿ. ನಮ್ಮ ತೋಟಕ್ಕೆ ಕಳ್ಳ ನುಗ್ಗಿದ್ರೆ ನಾವು ಸುಮ್ಕಿರ್ತೀವಾ? ಮನೆಗಂಟ ಅಟ್ಟಿಸ್ಕೊಂಡು ಹೋಗಿ ತದುಕಲ್ವಾ?"

"ಕಳ್ಳನ್ನ ತದುಕಪ್ಪ, ಯಾರು ಬ್ಯಾಡ ಅಂದ್ರು" ಎಂದರು ಸಿದ್ದರಾಮಣ್ಣ. "ಕಳ್ಳ ಆ ಊರಲ್ಲವ್ನೆ ಅಂತ ಊರಿಗೇ ಬೆಂಕಿ ಇಕ್ತೀಯಾ?"

"ಕಳ್ಳನ್ನ ಮನೇಲಿಟ್ಕೊಂಡು ಅನ್ನ ಹಾಕೋ ಊರಾದ್ರೆ ಇಕ್ಕೋದೇಯ. ಇಲ್ದಿದ್ರೆ ನಾಳೆ ಮತ್ತೆ ಬತ್ತಾನಲ್ಲ."

ಸಿದ್ದರಾಮಣ್ಣ ಕಣ್ಣಲ್ಲೇ ಅಪ್ಪನ ಕಡೆ ತೋರಿಸಿ, ಸುಮ್ಮನಿರು ಎಂಬಂತೆ ಕೈ ಆಡಿಸಿದರು. ಅವನಿಗೆ ಅರ್ಥವಾಗಲಿಲ್ಲ. ನನಗೆ ಮಾತ್ರ ಚೆನ್ನಾಗಿ ಅರ್ಥವಾಗಿತ್ತು. ಅವನ ಮಾತು ನನ್ನ ಎರಡನೆಯ ವಾದವೇ. ನಾನು ಅದಕ್ಕೆ ಪುಸ್ತಕಗಳ ಹೆಸರು ಜೋಡಿಸಿದ್ದೆ, ಅಷ್ಟೇ.

ಸಂಜೆಗೆ ಎಕ್ಸ್‌ಚೇಂಜಿನವರು ಲೈನು ಸಿಕ್ಕುತ್ತಿಲ್ಲ ಎಂದರು. ಮರುದಿನವೂ ಅಷ್ಟೇ. ಅದರ ಮರುದಿನವೂ.

ಆ ದಿನಗಳಲ್ಲಿ ಮನೆಯಲ್ಲಿ ಎಲ್ಲವೂ ನಡೆಯುತ್ತಿತ್ತು. ಹಸುವಿಗೆ ನೀರು, ಒಲೆಗೆ ಸೌದೆ, ಅಂಗಳದಲ್ಲಿ ಮಚ್ಚಿನ ಸದ್ದು. ಆದರೆ ಯಾರೂ ಯಾರನ್ನೂ ನೇರವಾಗಿ ನೋಡುತ್ತಿರಲಿಲ್ಲ. ಬೀದಿಯಲ್ಲಿ ಸೈಕಲ್ ಗಂಟೆ ಕೇಳಿದರೆ ಟೆಲಿಗ್ರಾಂ ಇರಬಹುದೆಂದು ನಾನು ಬಾಗಿಲಿಗೆ ಓಡುತ್ತಿದ್ದೆ. ಸೈಕಲ್ ಮುಂದೆ ಹೋದರೆ ನೆಮ್ಮದಿ. ಆ ನೆಮ್ಮದಿಯ ಬೆನ್ನಿಗೇ, ಸುದ್ದಿಯೇ ಬರದಿದ್ದರೆ ಎಂಬ ಇನ್ನೊಂದು ಭಯ. ಅಮ್ಮ ರೇಡಿಯೋ ಜೋರು ಮಾಡಲೂ ಬಿಡುತ್ತಿರಲಿಲ್ಲ, ಆರಿಸಲೂ ಬಿಡುತ್ತಿರಲಿಲ್ಲ. ಸಣ್ಣ ದನಿಯಲ್ಲಿ ಅದು ಏನೋ ಗೊಣಗುತ್ತಿರಬೇಕು.

ಒಂದು ಸಂಜೆ ಅಪ್ಪ ಜಗಲಿಯಲ್ಲಿ ನನ್ನ ಪಕ್ಕ ಬಂದು ಕೂತ. "ನೀನು ಓದ್ತಿರೋದು ಇದನ್ನೇ ತಾನೆ?" ಎಂದ.

ಹೌದೆಂದೆ.

ಅಪ್ಪನಿಗೆ ಕೋರ್ಟು ಗೊತ್ತಿತ್ತು. ಬದುವಿನ ವಿಚಾರಕ್ಕೆ ದಾಯಾದಿಗಳ ಜೊತೆ ತುರುವೇಕೆರೆ ಮುನ್ಸೀಫ್ ಕೋರ್ಟಿಗೆ ವರ್ಷಾನುಗಟ್ಟಲೆ ಅಲೆದಿದ್ದ. "ನಮ್ಮ ಕೇಸಲ್ಲಿ ಬದು ಮುಟ್ಟಂಗಿಲ್ಲ ಅಂತ ತಡೆಯಾಜ್ಞೆ ಕೊಟ್ರಲ್ಲ, ಹಂಗೆ ಅವ್ರಿಗೂ ಒಂದು ತಡೆಯಾಜ್ಞೆ ಕೊಡೋರಿಲ್ವಾ?"

ನಾನು ಹೇಳಿದೆ. ಹದಿನೈದು ದೇಶಗಳ ಒಂದು ಮಂಡಳಿಯಿದೆ. ಯುದ್ಧ ನಿಲ್ಲಿಸಿ ಎಂದು ಹೇಳುವ ಅಧಿಕಾರ ಅದಕ್ಕಿದೆ. ಆದರೆ ಅದರಲ್ಲಿ ಕಾಯಂ ಕುರ್ಚಿಯಿರುವ ಐದು ದೇಶಗಳಲ್ಲಿ ಯಾವುದಾದರೂ ಒಂದು ಬೇಡ ಎಂದರೆ ಮುಗಿಯಿತು. ಬಾಂಬು ಹಾಕಿದ್ದು ಆ ಐದರಲ್ಲಿ ಒಂದು.

ಅಪ್ಪ ಹೆಗಲ ಟವಲು ತೆಗೆದು ತೊಡೆಯ ಮೇಲಿಟ್ಟುಕೊಂಡ. "ಅಂದ್ರೆ ಪ್ರತಿವಾದಿನೇ ಜಡ್ಜಿ ಪಕ್ಕ ಕುರ್ಚಿ ಹಾಕ್ಕೊಂಡು ಕುಂತವ್ನೆ ಅನ್ನು."

"ಹೆಚ್ಚುಕಮ್ಮಿ ಹಂಗೇ ಅಪ್ಪ."

"ಹೋಗ್ಲಿ, ಹೊಡ್ದಿದ್ದಾಯ್ತು. ಅವ್ರ ಸಿಟ್ಟು ತೀರ್ತು. ಇನ್ನು ಬರಂಗಿಲ್ಲ ಅಲ್ವಾ? ಕಾನೂನು ಏನಂತೈತೆ?"

ಸಿಟ್ಟಿಗೆ ಹೊಡೆದಿದ್ದರೆ ಒಂದು ಏಟಿಗೆ ಮುಗಿಯುತ್ತದೆ. ಆದರೆ ಸಿಟ್ಟಿಗೆ ಹೊಡೆಯುವುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಅದಕ್ಕೇ ಎಲ್ಲರೂ, ನಾನೂ ಸೇರಿ, ಮುಂದಾಗುವುದನ್ನು ತಡೆಯಲು ಹೊಡೆದೆವು ಎನ್ನುತ್ತೇವೆ. ಮುಂದಾಗುವುದು ಎಂದಿಗೂ ಮುಂದೆಯೇ ಇರುತ್ತದೆ. ನನ್ನ ವಾದ ಗೆದ್ದರೆ ಆ ವಿಮಾನಗಳು ನಾಳೆ ಬರಬಹುದು, ನಾಡಿದ್ದು ಬರಬಹುದು, ಎಷ್ಟು ಸಲ ಬೇಕಾದರೂ ಬರಬಹುದು.

"ಬರಲ್ಲ ಬಿಡಪ್ಪ" ಎಂದೆ. ನನ್ನ ದನಿ ಕೇಳಿಯೇ ಅವನಿಗೆ ಗೊತ್ತಾಯಿತು. ಎದ್ದು ಹೋಗಿ ಕೊಟ್ಟಿಗೆಯ ಕತ್ತಲಲ್ಲಿ ನಿಂತುಕೊಂಡ.

ಅಣಕು ನ್ಯಾಯಾಲಯದ ದಿನ ತುಮಕೂರಿಗೆ ಹೋದೆ. ಮೊದಲೇ ಅನಂತರಾಮಯ್ಯ ಮೇಷ್ಟ್ರನ್ನು ಕಂಡು, ಅಕ್ಕ ಎಲ್ಲಿದ್ದಾಳೆಂದು ಹೇಳಿ, ನನ್ನನ್ನು ಬಿಟ್ಟುಬಿಡಿ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಖಂಡಿತ ಬೇಡಮ್ಮ. ನಾನು ಬೇರೆಯವರನ್ನ ನೋಡ್ಕೋತೀನಿ. ನೀನು ಮನೆಗೆ ಹೋಗು" ಎಂದರು. ಮನೆ ಎಂದ ಕೂಡಲೇ ಆ ರೇಡಿಯೋದ ಗೊಣಗು, ಸೈಕಲ್ ಗಂಟೆ, ಅಮ್ಮನ ಕೈ ನೆನಪಾದವು. "ಬೇಡ ಸಾರ್, ಮಾಡ್ತೀನಿ" ಎಂದುಬಿಟ್ಟೆ.

ತೀರ್ಪುಗಾರರಾಗಿ ಬಂದಿದ್ದವರು ಊರಿನ ಹಿರಿಯ ವಕೀಲರು. ಹತ್ತಿಯಂಥ ಕೂದಲು, ಮೆಲು ದನಿ. ಎದುರು ಪಕ್ಷದ ಹುಡುಗ ಹಳೆಯ ಕೆರೋಲಿನ್ ಹಡಗಿನ ಪ್ರಕರಣ ಎತ್ತಿದ. ನೂರೈವತ್ತು ವರ್ಷದ ಹಿಂದೆ ಅಮೆರಿಕ, ಕೆನಡಾಗಳ ನಡುವಿನ ನದಿಯಲ್ಲಿ ಬಂಡಾಯಗಾರರ ಹಡಗೊಂದನ್ನು ಬ್ರಿಟಿಷರು ಸುಟ್ಟಾಗ ಹುಟ್ಟಿದ ನಿಯಮ ಅದು. ಯೋಚಿಸಲೂ ಪುರಸೊತ್ತಿಲ್ಲದ, ಬೇರೆ ದಾರಿಯೇ ಇಲ್ಲದ ಹೊತ್ತಿನಲ್ಲಿ ಮಾತ್ರ ಆತ್ಮರಕ್ಷಣೆ. ದಿನಗಟ್ಟಲೆ ಯೋಚಿಸಿ, ಸಾಗರ ಸುತ್ತಿ ಬಂದು ಹೊಡೆಯುವುದಲ್ಲ ಎಂದ. ಚೆನ್ನಾಗಿಯೇ ಹೇಳಿದ.

ನಾನು ಎದ್ದೆ. ಸೂಜಿಗಳೆಲ್ಲ ಸೇರಿ ಕತ್ತಿಯಾಗುವುದನ್ನು ವಿವರಿಸಿದೆ. ಬಂದೂಕುಧಾರಿಗೆ ನೆಲೆ ಕೊಟ್ಟ ರಾಜ್ಯ ತನ್ನ ಕೈ ತೊಳೆದುಕೊಳ್ಳಲಾಗದು ಎಂದೆ. ಕೆಲವು ತಿಂಗಳ ಹಿಂದೆ ವಿದೇಶದ ವಿಮಾನ ನಿಲ್ದಾಣದಲ್ಲಿ ಟಿಕೆಟ್ಟಿಗೆ ನಿಂತಿದ್ದಾಗ ಬಂದೂಕುಧಾರಿಗಳ ಗುಂಡು ತಿಂದ ಹೆಂಗಸರ, ಮಕ್ಕಳ ಬಗ್ಗೆ ಹೇಳಿದೆ. ಅದನ್ನು ನಾನು ಆ ಹೊತ್ತಿನಲ್ಲಿ ಮನಸಾರೆ ಹೇಳಿದೆ, ಅದೂ ಸುಳ್ಳಲ್ಲ. ಅವರ ಮನೆಗಳಲ್ಲೂ ಯಾರೋ ಫೋನಿನ ಮುಂದೆ ಕೂತಿದ್ದರಲ್ಲ. ನನಗೆ ನನ್ನ ಮೇಲೇ ಹೆದರಿಕೆಯಾಯಿತು. ಅಕ್ಕ ಬದುಕಿದ್ದಾಳೋ ಇಲ್ಲವೋ ತಿಳಿಯದೆ ಇಷ್ಟು ಚೆನ್ನಾಗಿ ಹೇಗೆ ಮಾತಾಡುತ್ತಿದ್ದೇನೆ?

ಹಿರಿಯ ವಕೀಲರು ಕೇಳಿದರು: "ನಿಮ್ಮ ಕಕ್ಷಿದಾರ ರಾಜ್ಯಕ್ಕೆ ಈ ಹಕ್ಕು ಎಲ್ಲಿಯವರೆಗೆ ಇರುತ್ತದೆ?"

"ಅಪಾಯ ಮುಗಿಯುವವರೆಗೆ, ಸ್ವಾಮಿ."

"ಮುಗಿಯಿತು ಎಂದು ಯಾರು ಹೇಳಬೇಕು?"

"ಅಪಾಯಕ್ಕೆ ಒಳಗಾದ ರಾಜ್ಯವೇ."

"ಅಂದರೆ ಹೆದರಿದವನು, ನನಗಿನ್ನು ಹೆದರಿಕೆಯಿಲ್ಲ ಎಂದು ತಾನಾಗಿಯೇ ಹೇಳಬೇಕು."

ಅದಕ್ಕೂ ಪುಸ್ತಕದಲ್ಲಿ ಉತ್ತರವಿತ್ತು. ನನಗೆ ಬಾಯಿಪಾಠವಾಗಿತ್ತು. ಅಷ್ಟು ಹೊತ್ತೂ ನಡೆದಿದ್ದ ಇಂಗ್ಲಿಷು ಅಲ್ಲಿಗೆ ಕಡಿದುಹೋಯಿತು. "ಅವ್ರು ಹೇಳಲ್ಲ ಸಾರ್" ಎಂದೆ ಕನ್ನಡದಲ್ಲಿ. "ಹೆದರಿದೋರು ಯಾವತ್ತೂ ಹೇಳಲ್ಲ. ನಮ್ಮಕ್ಕ ಅಲ್ಲಿ ಅವ್ಳೆ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು, ಆಮೇಲೆ ನಿಲ್ಲಿಸಿದರು. ನಾನು ಕೂತುಬಿಟ್ಟೆ. ನಮ್ಮ ಪಕ್ಷ ಸೋತಿತು. ಮೇಷ್ಟ್ರು ನನ್ನ ಜೊತೆ ಬಸ್‌ಸ್ಟ್ಯಾಂಡಿನವರೆಗೂ ನಡೆದು ಬಂದರು. ನಾನು ಹತ್ತುವಾಗ, "ಸೋತಿದ್ದಕ್ಕೆ ಬೇಜಾರು ಮಾಡ್ಕೋಬೇಡ. ಆ ಪ್ರಶ್ನೆಗೆ ನನ್ನ ಹತ್ತಿರಾನೂ ಉತ್ತರ ಇಲ್ಲ" ಎಂದರು.

ನಾನು ಊರಿಗೆ ಬಂದ ಮೇಲೂ ಅಪ್ಪ ದಿನವೂ ಮಂಡಿಗೆ ಹೋಗುತ್ತಿದ್ದ. ಒಂದು ಚೀಲ ಕೊಬ್ಬರಿಯನ್ನು ನೆಪಕ್ಕೆ ಒಯ್ಯುತ್ತಿದ್ದ, ಕೆಲವು ದಿನ ಅದೂ ಇಲ್ಲ. ಸಂತೆಯ ದಿನ ನಾನೂ ಜೊತೆಗಿದ್ದೆ. ತೂಕದ ಗಲಾಟೆಯಲ್ಲಿ ಫೋನು ಹೊಡೆದುಕೊಂಡದ್ದು ನಮಗೆ ಕೇಳಲಿಲ್ಲ. ಸಿದ್ದರಾಮಣ್ಣ ಎತ್ತಿದರು, ಕಿವಿ ಮುಚ್ಚಿಕೊಂಡು, "ಯಾರು? ಯಾರವ್ವಾ?" ಎಂದು ಕೂಗಿದರು. ಆಮೇಲೆ ತಕ್ಕಡಿಯವನಿಗೆ ಕೈಯೆತ್ತಿ, "ಏಯ್, ನಿಲ್ಸೋ!" ಎಂದರು. ತೂಕ ನಿಂತಿತು.

ಅಪ್ಪ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದ. ಒಮ್ಮೆ ಕಿವಿಗಿಟ್ಟುಕೊಂಡು, ನನ್ನ ಕೈಗೆ ಕೊಟ್ಟ.

"ರತ್ನಾ, ನಾನು ಕಣೇ." ಸಮುದ್ರದಾಚೆಯ ಗರಗರ ಸದ್ದಿನೊಳಗಿಂದ ಅಕ್ಕನ ದನಿ. "ಚೆನ್ನಾಗಿದೀನಿ. ಹಾಸ್ಟೆಲ್ ಕಿಟಕಿ ಗಾಜೆಲ್ಲ ಪುಡಿಯಾದ್ವು, ಅಷ್ಟೇ. ಅಮ್ಮಂಗೆ ಹೇಳು."

"ಬಂದ್ಬಿಡೇ ಅಕ್ಕ. ಇವತ್ತೇ ಹೊರಡು."

"ಹೆಂಗೇ ಬರ್ಲಿ? ವಾರ್ಡ್ ತುಂಬೋಗೈತೆ. ಕೆಲವ್ರು ಆಗ್ಲೇ ಊರಿಗೆ ಹೋದ್ರು, ಇರೋರು ನಾವು ನಾಕೇ ಜನ. ಮಕ್ಳು ಕಣೇ ಇವು."

ಅಪ್ಪ ರಿಸೀವರನ್ನು ನನ್ನ ಕೈಯಿಂದ ಕಿತ್ತುಕೊಂಡ. ಒಂದೂವರೆ ವರ್ಷದ ಮೇಲೆ ಮಗಳಿಗೆ ಅವನು ಆಡಿದ ಮೊದಲ ಮಾತನ್ನು ಮಂಡಿಯವರೆಲ್ಲ ಕೇಳಿಸಿಕೊಂಡರು: "ಮಂಗಳಾ, ಕೆಳಗಿನ ಕ್ವಾಣೇಲಿ ಮಲಗವ್ವ. ಮ್ಯಾಲಿನ ಅಂತಸ್ತಲ್ಲಿ ಮಲಗ್ಬ್ಯಾಡ. ಕೇಳುಸ್ತಾ? ಕೆಳಗೆ ಮಲಗು."

ಅವಳು ಏನೋ ಹೇಳಿದಳು. ಲೈನು ಕಡಿಯಿತು. ಅಪ್ಪ ಆಮೇಲೂ ಸ್ವಲ್ಪ ಹೊತ್ತು, "ಕೆಳಗೆ, ಕೆಳಗೆ" ಎನ್ನುತ್ತಲೇ ಇದ್ದ.

ಅವಳು ಬದುಕಿದ್ದಾಳೆಂದು ತಿಳಿದರೆ ಭಯ ಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ. ನಾನು ಪರೀಕ್ಷೆ ಬರೆದೆ. ಮಳೆ ಹಿಡಿಯಿತು, ರಾಗಿ ಬಿತ್ತನೆಯಾಯಿತು, ಖಾಲಿ ಅಟ್ಟಕ್ಕೆ ಹೊಸ ಕಾಯಿ ಏರಿತು. ಮೋಡದ ಮೇಲೆ ಎಲ್ಲೋ ವಿಮಾನದ ಸದ್ದು ಕೇಳಿದರೆ ಅಪ್ಪ ಕೆಲಸ ನಿಲ್ಲಿಸಿ ತಲೆ ಎತ್ತುತ್ತಿದ್ದ. ಅದು ಬೊಂಬಾಯಿಗೆ ಹೋಗುವ ವಿಮಾನವೆಂದು ಅವನಿಗೂ ಗೊತ್ತಿತ್ತು. ಆದರೂ ಸದ್ದು ಅಡಗುವವರೆಗೆ ಗುದ್ದಲಿ ಎತ್ತುತ್ತಿರಲಿಲ್ಲ. ನನಗೂ ಅದು ಅಂಟಿಕೊಂಡಿತು. ಪೇಪರಿನಲ್ಲಿ ಎಲ್ಲಾದರೂ ಬಾಂಬು ಸಿಡಿದ ಸುದ್ದಿ ಓದಿದರೆ, ಇದಕ್ಕೆ ಈಗ ಯಾವ ಊರಿನ ಮೇಲೆ ಉತ್ತರ ಬೀಳುತ್ತದೋ ಎಂದು ಊರುಗಳ ಹೆಸರು ಹುಡುಕುತ್ತಿದ್ದೆ. ಸತ್ತವರಿಗಾಗಿ ಮರುಗುವುದಕ್ಕೆ ಮೊದಲೇ ಆ ಲೆಕ್ಕ ಶುರುವಾಗುತ್ತಿತ್ತು.

ಮುಂದಿನ ವರ್ಷ ಕರಾರು ಮುಗಿಸಿಯೇ ಅಕ್ಕ ಬಂದಳು. ತಿಪಟೂರಿನ ರೈಲು ನಿಲ್ದಾಣದಲ್ಲಿ ಅಪ್ಪ ಅವಳ ಪೆಟ್ಟಿಗೆ ಹೊತ್ತುಕೊಂಡು, ಅವಳು ಎಷ್ಟು ಕೇಳಿದರೂ ಕೊಡದೆ, ಮುಂದೆ ಮುಂದೆ ನಡೆದ. ಬಂದು ಕೆಲವು ವಾರವಾಗಿತ್ತು. ಒಂದು ಮಧ್ಯಾಹ್ನ ನಾವೆಲ್ಲ ಅಂಗಳದ ನೆರಳಲ್ಲಿ ಹುಣಸೆಹಣ್ಣು ಕುಟ್ಟುತ್ತ ಕೂತಿದ್ದಾಗ ತಾನಾಗಿಯೇ ಆ ದಾಳಿಯ ಮಾತು ಶುರುಮಾಡಿದಳು.

ವಾರ್ಡಿನಲ್ಲಿ ಒಂದು ಪುಟ್ಟ ಹುಡುಗಿ ಇತ್ತಂತೆ. ಗೋಡೆ ಬಿದ್ದು ಕಾಲು ಮುರಿದಿತ್ತು. ಬಂದಾಗಿನಿಂದ ಒಂದು ಮಾತೂ ಆಡಿರಲಿಲ್ಲ. ಅದರ ಅಪ್ಪ ಮಂಚದ ಪಕ್ಕ ನೆಲದಲ್ಲೇ ಇರುತ್ತಿದ್ದ. ಒಂದು ಬೆಳಗ್ಗೆ ಎಲ್ಲಿಂದಲೋ ವಿಮಾನದ ಸದ್ದು ಬಂತು. ಆತ ಎದ್ದವನೇ ಮಗುವಿನ ಮೇಲೆ ಅಡ್ಡ ಬಿದ್ದುಕೊಂಡ. "ನಾನು ನರ್ಸು ಕಣ್ರೇ, ನಾನು ಧೈರ್ಯ ಹೇಳ್ಬೇಕಾದೋಳು" ಎಂದಳು ಅಕ್ಕ. "ನಾನೇನು ಮಾಡ್ದೆ ಗೊತ್ತಾ? ಔಷಧಿ ತಟ್ಟೆ ಎಸೆದು ಅದೇ ಮಂಚದ ಕೆಳಕ್ಕೆ ನುಗ್ಗಿದೆ. ಸದ್ದೇನೋ ಹೋಯ್ತು. ಹೊರಕ್ಕೆ ಬರೋಣ ಅಂದ್ರೆ ನನ್ನ ತಲೆವಸ್ತ್ರ ಮಂಚದ ಸ್ಪ್ರಿಂಗಿಗೆ ಸಿಕ್ಕಾಕ್ಕೊಂಡೈತೆ, ಬರೋಕಾಗ್ತಿಲ್ಲ. ಆಯಪ್ಪ ಬಗ್ಗಿ ನೋಡ್ತಾನೆ, ನಾನು ಅಲ್ಲಿ ಆಮೆ ತರ ಕುಂತಿದೀನಿ. ಮಗು ಮ್ಯಾಲಿಂದ ತಲೆ ಕೆಳಗಾಕಿ ನನ್ನ ನೋಡ್ತು. ನೋಡಿ ಕಿಸಕ್ಕಂತ ನಕ್ಕುಬಿಡ್ತು. ಅದು ನಕ್ಕಿದ್ದೇ ತಡ, ಆಯಪ್ಪಾನೂ ನಗೋಕೆ ಶುರು, ನಾನೂ ಅಲ್ಲೇ ಕೆಳಗೆ ಕುಂತು ನಗ್ತಿದೀನಿ, ಕಣ್ಣಲ್ಲಿ ನೀರು."

ಹೇಳುತ್ತಲೇ ಅಕ್ಕ ನಗತೊಡಗಿದಳು. ನಾನೂ ನಕ್ಕೆ. ಅಪ್ಪ ಮುಖ ತಿರುಗಿಸಿಕೊಂಡು ನಗುತ್ತಿದ್ದ, ಭುಜ ಅಲುಗುತ್ತಿತ್ತು. ಅಮ್ಮ ಒಬ್ಬಳೇ ನಗಲಿಲ್ಲ. ಹುಣಸೆ ಬೀಜ ಬಿಡಿಸುತ್ತಿದ್ದ ಕೈ ನಿಲ್ಲಿಸಿ, "ಆ ಕೂಸಿನ ಕಾಲು ಕೂಡ್ತೇನೇ?" ಎಂದಳು.

"ಕೂಡ್ತು ಕಣಮ್ಮ. ಮನೆಗೆ ಹೋಗೋವಾಗ ಕುಂಟ್ಕೊಂಡು ಓಡ್ತಿತ್ತು."

"ಅದನ್ನ ಮೊದ್ಲು ಹೇಳ್ಬಾರ್ದೇನೇ?" ಎಂದು ಗದರಿ, ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.